ಹಿಂದಿನದೂ ಕಾಣಬೇಕು

ಲಗ್ಗೆರೆಯಲ್ಲಿ ಇಪ್ಪತ್ತಡಿಯ ಅಡ್ಡರಸ್ತೆಗಳು ಬೇಕಾದಷ್ಟಿವೆ. ಎರಡೂ ಬದಿಗೆ ಮೂರು ನಾಲ್ಕು ಅಂತಸ್ತಿನ ಮನೆಗಳು, ನೆಲಮಟ್ಟದಲ್ಲಿ ಬಾಡಿಗೆಗೆ ಬಿಟ್ಟ ಒಂದು ಶಟರು. ಶಟರಿನೊಳಗೆ ಲೇತ್ ಇರಬಹುದು, ಟೈಲರ್ ಅಂಗಡಿ ಇರಬಹುದು, ಪ್ರಾವಿಷನ್ ಸ್ಟೋರೂ ಇರಬಹುದು. ಮೇಲೆ ಬೆಸ್ಕಾಂ, ಕೇಬಲ್, ಇಂಟರ್ನೆಟ್ ತಂತಿಗಳ ಗೋಜಲು. ಬೆಳಿಗ್ಗೆ ಎಂಟು ಗಂಟೆಯಾಗುವ ಮೊದಲೇ ಗಾರ್ಮೆಂಟ್ಸ್‌ಗೆ ಹೊರಟ ಹೆಂಗಸರು ಊಟದ ಬ್ಯಾಗು ಹಿಡಿದು ಪೀಣ್ಯದ ದಿಕ್ಕಿಗೆ ಸರಸರನೆ ನಡೆಯುತ್ತಾರೆ. ಕಣ್ಣಿಗೆ ಒಂದು ಮೀಟರ್ ದೂರದಲ್ಲಿ ಒಬ್ಬರ ಮುಖ, ಮೂರು ಮೀಟರಿನಲ್ಲಿ ಒಂದು ಸ್ಕೂಟರು, ಆರು ಮೀಟರಿನಲ್ಲಿ ಎದುರು ಮನೆಯ ಗೋಡೆ. ಡೆಪ್ತ್ ಆಫ್ ಫೀಲ್ಡ್, ಅಂದರೆ ಚಿತ್ರದಲ್ಲಿ ಹತ್ತಿರದಿಂದ ದೂರಕ್ಕೆ ಎಷ್ಟು ಆಳದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ.

ಆದರೆ ಇಲ್ಲಿಯ ಫೋಟೊಗ್ರಫಿ ವಿದ್ಯಾರ್ಥಿನಿ ಭಾನುವಾರ ಬೆಳಗಾಗುವ ಮೊದಲೇ ಲಗ್ಗೆರೆ ಬ್ರಿಡ್ಜ್ ಹತ್ತಿರ ಬಸ್ ಹಿಡಿದು ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಾಳೆ. ಬೆಂಗಳೂರಿನಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಹೋಗುವುದು ಅಲ್ಲಿಗೇ. ಸೇವಂತಿಗೆಯ ರಾಶಿ, ಅದರ ಹಿಂದೆ ಒಂದು ಮುಖ, ಮುಖದ ಹಿಂದೆ ಬಣ್ಣಬಣ್ಣದ ಮಬ್ಬು. 50 ಎಂ.ಎಂ. ಲೆನ್ಸನ್ನು ಎಫ್/1.8ರಷ್ಟು ಅಗಲಕ್ಕೆ ತೆರೆದರೆ ಮಾರುಕಟ್ಟೆಯೇ ಮಾಯವಾಗುತ್ತದೆ. ನೋಡಿದವರು ‘ಸೂಪರ್ ಬ್ಲರ್’ ಅನ್ನುತ್ತಾರೆ. ಹೀಗೆ ಬೀದಿಯನ್ನೇ ಅಳಿಸಿ ತೆಗೆದ ಚಿತ್ರಕ್ಕೂ ಬೀದಿ ಛಾಯಾಗ್ರಹಣ ಎಂದೇ ಹೆಸರು.

ಈ ನಾಡಿನ ಬೀದಿಯನ್ನು ಕ್ಯಾಮೆರಾ ನೋಡಲು ಶುರುಮಾಡಿ ನೂರ ಎಪ್ಪತ್ತು ವರ್ಷ ದಾಟಿದೆ. ಅದರಲ್ಲಿ ಮೊದಲ ನೂರೈವತ್ತು ವರ್ಷ ಛಾಯಾಗ್ರಾಹಕರು ಮಾಡಿದ್ದು ಒಂದೇ ಚೌಕಾಸಿ: ಆಳ ಬೇಕೆಂದರೆ ಜನ ಸಿಗುವುದಿಲ್ಲ, ಜನ ಬೇಕೆಂದರೆ ಆಳ ಸಿಗುವುದಿಲ್ಲ.

ಲಿನಿಯಸ್ ಟ್ರೈಪ್ ಬೆಂಗಳೂರಿನ ದಂಡಿನಲ್ಲಿದ್ದ ಮದ್ರಾಸ್ ಸೇನೆಯ ಅಧಿಕಾರಿ. 1854ರ ಡಿಸೆಂಬರಿನಲ್ಲಿ ರಜೆ ಹಾಕಿ, ಆಂಡ್ರ್ಯೂ ನೀಲ್ ಎಂಬ ವೈದ್ಯಮಿತ್ರನ ಜೊತೆ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಕಡೆ ಕ್ಯಾಮೆರಾ ಹೊರಿಸಿಕೊಂಡು ಹೊರಟ. ಮುಂದಿನ ವರ್ಷ ಮದ್ರಾಸಿನ ಪ್ರದರ್ಶನದಲ್ಲಿ 68 ಚಿತ್ರ ಇಟ್ಟು ಮೊದಲ ದರ್ಜೆಯ ಪದಕ ಗೆದ್ದ. 1856ರಲ್ಲಿ ಮದ್ರಾಸ್ ಸರ್ಕಾರದ ಅಧಿಕೃತ ಛಾಯಾಗ್ರಾಹಕನಾಗಿ ನೇಮಕವಾದ ಮೇಲೆ ಕೆಲಸಕ್ಕೆ ನೆಲೆ ಮಾಡಿಕೊಂಡದ್ದೂ ಬೆಂಗಳೂರಿನಲ್ಲೇ. ಅವನ ನೆಗೆಟಿವ್ ಗಾಜಿನದಲ್ಲ, ಮೇಣ ಸವರಿದ ಕಾಗದ; ಅಳತೆ ಸುಮಾರು 12 ಅಂಗುಲಕ್ಕೆ 15 ಅಂಗುಲ. ಅಷ್ಟು ದೊಡ್ಡ ಹಾಳೆಗೆ ಬೆಳಕು ಹರಡುವ ಲೆನ್ಸಿನ ನಾಭಿದೂರವೂ ದೊಡ್ಡದೇ. ನಾಭಿದೂರ ಹೆಚ್ಚಿದಷ್ಟೂ ಫೋಕಸ್ಸಿನ ಆಳ ಕುಗ್ಗುತ್ತದೆ. ಅದನ್ನು ಹಿಗ್ಗಿಸಲು ಇರುವ ದಾರಿ ಲೆನ್ಸಿನ ಕಿಂಡಿಯನ್ನು ಸಣ್ಣದು ಮಾಡುವುದು. ಕಿಂಡಿ ಸಣ್ಣದಾದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ನಿಮಿಷಗಟ್ಟಲೆ ಎಕ್ಸ್‌ಪೋಷರ್. ಆ ನಿಮಿಷಗಳಲ್ಲಿ ಎದುರಿಗೆ ಹಾದುಹೋದ ಮನುಷ್ಯ, ಎತ್ತು, ಗಾಡಿ ಯಾವುದೂ ಕಾಗದದಲ್ಲಿ ಉಳಿಯುತ್ತಿರಲಿಲ್ಲ.

ಟ್ರೈಪನ ಚಿತ್ರಗಳಲ್ಲಿ ಗುಡಿಯ ಮುಂದಿನ ಕಲ್ಲಿನಿಂದ ಹಿಂದಿನ ಮರದವರೆಗೆ ಎಲ್ಲವೂ ನಿಚ್ಚಳ. ಜನ ಮಾತ್ರ ಇಲ್ಲ, ಅಥವಾ ಹೇಳಿ ನಿಲ್ಲಿಸಿದ ಒಬ್ಬಿಬ್ಬರು. ಆಕಾಶ ಕೂಡ ಬೋಳಾಗಿ ಬರುತ್ತಿದ್ದುದರಿಂದ ನೆಗೆಟಿವ್ ಮೇಲೆ ಮೋಡಗಳನ್ನು ಕೈಯಿಂದಲೇ ತಿದ್ದುತ್ತಿದ್ದ. ಫೋಟೊಶಾಪನ್ನು ಬೈಯುವವರು ಇದನ್ನೊಮ್ಮೆ ನೆನೆಸಿಕೊಳ್ಳಬಹುದು.

ಅದೇ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಂಪಿಯಲ್ಲಿ ಇನ್ನೂ ದೊಡ್ಡ ಮೇಣಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ತೆಗೆದ. ಅವು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು ಕೊನೆಗೆ ಬೆಳಕಿಗೆ ಬಂದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಆ ಚಿತ್ರಗಳನ್ನು ಹಿಡಿದು ಹಂಪಿ ಸುತ್ತಿ, ಗ್ರೀನ್‌ಲಾ ಟ್ರೈಪಾಡ್ ಊರಿದ್ದ ಜಾಗಗಳನ್ನೇ ಹುಡುಕಿ ನಿಂತು ಮತ್ತೆ ಕ್ಲಿಕ್ಕಿಸಿದರು. ಇದು ಸಾಧ್ಯವಾದದ್ದು ಗ್ರೀನ್‌ಲಾ ಮುಂದಿನ ಕಂಬವನ್ನೂ ಹಿಂದಿನ ಬೆಟ್ಟವನ್ನೂ ಒಟ್ಟಿಗೆ ಸ್ಪಷ್ಟವಾಗಿ ಹಿಡಿದಿದ್ದರಿಂದ. ಕಂಬದ ಅಂಚು ಹಿಂದಿನ ಯಾವ ಬಂಡೆಗೆ ತಾಗುತ್ತದೆ ಎಂದು ನೋಡಿಕೊಂಡು ಒಂದು ಹೆಜ್ಜೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಬಹುದು. ಬೆಟ್ಟ ಮಬ್ಬಾಗಿದ್ದರೆ ಆ ಜಾಗ ಸಿಗುತ್ತಿತ್ತೇ? ಇಂದು ಎಫ್/1.8ರಲ್ಲಿ ತೆಗೆದ ಹೂವಿನವಳ ಚಿತ್ರ ಹಿಡಿದು 2150ರಲ್ಲಿ ಯಾರಾದರೂ ಕೆ.ಆರ್. ಮಾರ್ಕೆಟ್ಟಿಗೆ ಬಂದರೆ ಅವರು ಎಲ್ಲಿ ನಿಲ್ಲಬೇಕು?

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಕ್ಯಾಮೆರಾ ಬೀದಿಗೆ ಬರುವುದಕ್ಕಿಂತ ಹೆಚ್ಚಾಗಿ ಬೀದಿಯ ಜನವೇ ಕ್ಯಾಮೆರಾದ ಬಳಿಗೆ ಹೋದರು. 1910ರಲ್ಲಿ ಶುರುವಾದ ಜಿ.ಕೆ. ವೇಲ್‌ನಂಥ ದೊಡ್ಡ ಸ್ಟುಡಿಯೊಗಳು ದಂಡಿನ ಕಡೆ. ಸಣ್ಣಪುಟ್ಟವು ಪ್ರತಿ ಊರಿನ ಪೇಟೆಯಲ್ಲಿ. ಕೇರಳದ ಆಲಪ್ಪುಳದಲ್ಲಿ, ಸಂಗೀತವಾದ್ಯ ರಿಪೇರಿಯ ಮನೆಯಿಂದ ಬಂದ ಕೆ. ಕರುಣಾಕರನ್ 1940ರ ದಶಕದಲ್ಲಿ ತಯಾರಿಸತೊಡಗಿದ ‘ವಾಗೀಶ್ವರಿ’ ಮರದ ಕ್ಯಾಮೆರಾ ದಕ್ಷಿಣದ ಸ್ಟುಡಿಯೊಗಳ ಮುಖ್ಯ ಸಾಮಾನಾಯಿತು. ಅಲ್ಲಿ ಹಿನ್ನೆಲೆ ಅಂದರೆ ಬಣ್ಣ ಬಳಿದ ಪರದೆ: ಮೆಟ್ಟಿಲು, ಕಾರಂಜಿ, ಕಮಾನು. ಮದುವೆಗೆ ಹುಡುಗಿಯ ಫೋಟೊ, ಕೆಲಸಕ್ಕೆ ಅರ್ಜಿಯ ಫೋಟೊ, ತೀರಿಕೊಂಡವರ ಎನ್‌ಲಾರ್ಜ್‌ಮೆಂಟ್. ಇಂಥ ಚಿತ್ರಗಳಲ್ಲಿ ಮುಖ ಇದೆ, ಊರು ಇಲ್ಲ.

ಇದಕ್ಕೆ ತದ್ವಿರುದ್ಧವಾದ ಪೆಟ್ಟಿಗೆಯೊಂದು ಆಮೇಲೆ ಮಧ್ಯಮವರ್ಗದ ಮನೆಗಳಿಗೆ ಬಂತು. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ. ರೋಲಿಗೆ ಹನ್ನೆರಡು ಚೌಕ ಚಿತ್ರ. ಫೋಕಸ್ ತಿರುಗಿಸುವ ಗೊಡವೆಯೇ ಇಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು ಇಟ್ಟರೆ ಮುಗಿಯಿತು. ಲೆನ್ಸಿನ ಕಿಂಡಿ ಮೊದಲೇ ಸಣ್ಣದಾದ್ದರಿಂದ ಒಂದಷ್ಟು ದೂರ ನಿಂತು ಒತ್ತಿದರೆ ಹಿಂದಿನದೆಲ್ಲ ತಕ್ಕಮಟ್ಟಿಗೆ ಕಾಣುತ್ತಿತ್ತು. ಹೊಸ ಸೈಕಲ್ಲಿಗೆ ಪೂಜೆ ಮಾಡಿ ನಿಂತ ಅಪ್ಪ, ಗೃಹಪ್ರವೇಶದ ದಿನ ಬಾಗಿಲಲ್ಲಿ ಸಾಲಾಗಿ ನಿಂತ ಬಂಧುಗಳು, ಸ್ಕೂಲ್ ಯೂನಿಫಾರ್ಮಿನ ಮಗಳು. ಇವರ ಹಿಂದೆ ಟಾರು ಕಾಣದ ರಸ್ತೆ, ಖಾಲಿ ಸೈಟು, ಬಾವಿಕಟ್ಟೆ, ದೂರದಲ್ಲಿ ಒಂದೇ ಒಂದು ಲೈಟ್ ಕಂಬ. ತೆಗೆದವರು ಅದನ್ನು ತೆಗೆಯಬೇಕೆಂದು ತೆಗೆದದ್ದಲ್ಲ. ಆದರೆ ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದ ಕೊನೆಯಿಂದ ಬೆಳೆದು, ಸುತ್ತಲ ಹಳ್ಳಿಗಳು ಸೈಟುಗಳಾಗಿ, ಲಗ್ಗೆರೆ ಹೊರವರ್ತುಲ ರಸ್ತೆಗೆ ಅಂಟಿಕೊಂಡು, 198 ವಾರ್ಡ್‌ಗಳ ಬಿಬಿಎಂಪಿಯಲ್ಲಿ 69ನೇ ವಾರ್ಡ್ ಆದ ಕಥೆಯನ್ನು ಚಿತ್ರದಲ್ಲಿ ನೋಡಬೇಕೆಂದರೆ ಮನೆಮನೆಯ ಆಲ್ಬಮ್ಮುಗಳ ಹಿನ್ನೆಲೆಯಲ್ಲೇ ಹುಡುಕಬೇಕು. ಇಂಥ ಬಡಾವಣೆಗಳನ್ನು ತೆಗೆಯಲೆಂದೇ ಕ್ಯಾಮೆರಾ ಹೊತ್ತು ಬಂದವರು ಕಡಿಮೆ.

ವೃತ್ತಿಯಾಗಿ ಬೀದಿಗಿಳಿದವರ ಸಾಲಿನಲ್ಲಿ ಕನ್ನಡನಾಡಿನಲ್ಲಿ ಎದ್ದು ಕಾಣುವ ಹೆಸರು ಟಿ.ಎಸ್. ಸತ್ಯನ್. ಹುಟ್ಟಿದ್ದು ಮೈಸೂರಿನಲ್ಲಿ, 1923ರ ಡಿಸೆಂಬರ್ 18ರಂದು. ‘ಡೆಕ್ಕನ್ ಹೆರಾಲ್ಡ್’ ಆರಂಭವಾದ 1948ರಲ್ಲೇ ಅದರ ಛಾಯಾಗ್ರಾಹಕರಾಗಿ ಸೇರಿದರು. ಆಮೇಲೆ ‘ಇಲಸ್ಟ್ರೇಟೆಡ್ ವೀಕ್ಲಿ’, ಅನಂತರ ಯಾರ ಕೈಕೆಳಗೂ ಇಲ್ಲದ ಸ್ವತಂತ್ರ ದುಡಿಮೆ. ‘ಲೈಫ್’ ಪತ್ರಿಕೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನೆಗೆ, ಯೂನಿಸೆಫ್‌ಗೆ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಇಷ್ಟೆಲ್ಲ ಆಗಿಯೂ ಅವರ ಪ್ರೀತಿ ಸಾಮಾನ್ಯರ ಮೇಲೆಯೇ: ಆಡುವ ಮಕ್ಕಳು, ದುಡಿಯುವ ಹೆಂಗಸರು, ಮೈಸೂರಿನ ರಸ್ತೆಗಳಲ್ಲಿ ನಡೆದಾಡುವ ಗೆಳೆಯ ಆರ್.ಕೆ. ನಾರಾಯಣ್.

ಆ ಕಾಲದ ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹಳ ಮಂದಿ ಬಳಸುತ್ತಿದ್ದುದು ರೋಲಿಫ್ಲೆಕ್ಸ್, ಯಾಶಿಕಾ ಬಗೆಯ ಅವಳಿ ಲೆನ್ಸಿನ ಕ್ಯಾಮೆರಾ. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ನೋಡಬೇಕು. ಬೀದಿಯಲ್ಲಿ ಇದೊಂದು ಅನುಕೂಲ. ಕಣ್ಣಿಗೆ ಕಣ್ಣು ಕೊಟ್ಟು ಗುರಿಯಿಟ್ಟಂತೆ ಆಗುವುದಿಲ್ಲವಾದ್ದರಿಂದ ಎದುರಿನವರು ಸೆಟೆದು ನಿಲ್ಲುವುದಿಲ್ಲ. ಒಂದು ಅನಾನುಕೂಲವೂ ಇದೆ: ನೋಡುವ ಲೆನ್ಸು ಸದಾ ಪೂರ್ತಿ ತೆರೆದೇ ಇರುತ್ತದೆ, ಚಿತ್ರ ತೆಗೆಯುವ ಲೆನ್ಸು ಬೇರೆ. ಎಷ್ಟು ಆಳಕ್ಕೆ ಫೋಕಸ್ ಬರುತ್ತದೆಂಬುದು ಗಾಜಿನಲ್ಲಿ ಕಾಣಿಸುವುದೇ ಇಲ್ಲ. ಫೋಕಸ್ ಗುಂಡಿಯ ಸುತ್ತ ಕೆತ್ತಿದ ಅಂಕಿಗಳನ್ನು ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕಬೇಕು. ಹೀಗೆ ಕಲಿತವರಿಗೆ ಡೆಪ್ತ್ ಅನ್ನುವುದು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತಿತ್ತು. ಎಷ್ಟು ಹೆಜ್ಜೆ ದೂರ, ಅಷ್ಟಕ್ಕೆ ಎಷ್ಟು ಕಿಂಡಿ.

ಜೊತೆಗೆ ರೀಲಿನ ಬಡತನ. ಆಮದಿಗೆ ನಿರ್ಬಂಧವಿದ್ದ ದಶಕಗಳಲ್ಲಿ ಸಿಗುತ್ತಿದ್ದದ್ದು ಪೂರ್ವ ಜರ್ಮನಿಯ ಆರ್ವೊ, ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು. ನೂರರ ಆಸುಪಾಸಿನ ವೇಗದ ಫಿಲ್ಮ್ ಹಾಕಿಕೊಂಡು ನೆರಳು ಕವಿದ ಓಣಿಯಲ್ಲಿ ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಶಟರ್ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ನಡೆಯುವವರ ಕಾಲು ಕಲಸಿಹೋಗುತ್ತದೆ. ಟ್ರೈಪನ ಚೌಕಾಸಿಯೇ ಮತ್ತೆ ಎದುರಿಗೆ, ನಿಮಿಷಗಳ ಬದಲು ಸೆಕೆಂಡಿನ ಚೂರುಗಳಲ್ಲಿ. ಹಾಗಾಗಿ ಬೀದಿಯ ಒಳ್ಳೆಯ ಚಿತ್ರಗಳೆಲ್ಲ ಬಿಸಿಲಿನವು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ 1905ರಲ್ಲೇ ಬಂದಿದ್ದರೂ ದೀಪದ ಕೆಳಗಿನ ಓಡಾಟ ಫಿಲ್ಮಿಗೆ ದಕ್ಕುವುದು ಕಷ್ಟವೇ ಆಗಿತ್ತು.

ಸತ್ಯನ್ ಹುಟ್ಟುವುದಕ್ಕೆ ಒಂದು ತಿಂಗಳಿಗೂ ಕಡಿಮೆ ಮುಂಚೆ, 1923ರ ನವೆಂಬರ್ 26ರಂದು ಅದೇ ಮೈಸೂರಿನಲ್ಲಿ ಇನ್ನೊಬ್ಬ ಕ್ಯಾಮೆರಾಗಾರರು ಹುಟ್ಟಿದ್ದರು: ವಿ.ಕೆ. ಮೂರ್ತಿ. ಬೆಂಗಳೂರಿನ ಕೆ.ಆರ್. ಸರ್ಕಲ್ ಬಳಿಯ, ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎನಿಸಿಕೊಂಡಿರುವ ಸಂಸ್ಥೆಯಲ್ಲಿ 1943ರಲ್ಲಿ ಛಾಯಾಗ್ರಹಣ ಕೋರ್ಸ್ ಶುರುವಾದಾಗ ಮೊದಲ ತಂಡದಲ್ಲೇ ಸೇರಿ 1946ರಲ್ಲಿ ಡಿಪ್ಲೊಮಾ ಪಡೆದವರು. ಮುಂಬಯಿಗೆ ಹೋಗಿ ಸಿನಿಮಾ ನಿರ್ದೇಶಕ ಗುರುದತ್‌ರ ಕಣ್ಣಾದರು. ‘ಪ್ಯಾಸಾ’ದ ಸಮೀಪಚಿತ್ರಗಳಲ್ಲಿ 75, 100 ಎಂ.ಎಂ.ನಂಥ ಉದ್ದ ಲೆನ್ಸುಗಳಿಂದ ಮುಖವನ್ನು ಲೋಕದಿಂದ ಬಿಡಿಸಿ ತೋರಿಸಿದರು. ಅವರೇ ಕ್ಯಾಮೆರಾ ಹಿಡಿದ 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ ಅದು ಒಬ್ಬ ಛಾಯಾಗ್ರಾಹಕನಿಗೆ ಸಿಕ್ಕ ಮೊದಲ ಫಾಲ್ಕೆ.

ಒಂದೇ ಊರು, ಒಂದೇ ವರ್ಷ, ಇಬ್ಬರ ಕೈಯಲ್ಲೂ ಕ್ಯಾಮೆರಾ. ಆದರೆ ಮೂರ್ತಿಯವರಿಗೆ ಹಿಂದಿನದನ್ನು ಮಬ್ಬು ಮಾಡುವ ಹಕ್ಕಿತ್ತು, ಯಾಕೆಂದರೆ ಆ ಹಿನ್ನೆಲೆಯನ್ನು ಕಟ್ಟಿದವರೇ ಸೆಟ್ಟಿನವರು. ಅಲ್ಲಿ ಕಳೆದುಹೋಗುವುದು ಪ್ಲೈವುಡ್ ಅಷ್ಟೆ. ಬೀದಿಯ ಛಾಯಾಗ್ರಾಹಕ ಅಳಿಸುವುದು ಬೇರೆಯವರು ಬದುಕುತ್ತಿರುವ ಜಾಗವನ್ನು. ಇಂದಿನ ವಿದ್ಯಾರ್ಥಿಗಳು ‘ಸಿನಿಮ್ಯಾಟಿಕ್’ ಎಂದು ಬೆನ್ನುಹತ್ತುವುದು ಮೂರ್ತಿಯವರ ಪರಂಪರೆಯನ್ನು, ಅದನ್ನು ಪ್ರಯೋಗಿಸುವುದು ಸತ್ಯನ್‌ರ ಬೀದಿಯಲ್ಲಿ. ಎಡವಟ್ಟು ಇರುವುದು ಅಲ್ಲೇ.

ಈ ಎಡವಟ್ಟಿನಲ್ಲಿ ಬೆಂಗಳೂರಿನ ಕ್ಯಾಮೆರಾ ಕ್ಲಬ್ಬುಗಳ ಪಾಲೂ ಒಂದಷ್ಟಿದೆ. ಈ ಊರು ದೇಶದ ಹವ್ಯಾಸಿ ಛಾಯಾಗ್ರಹಣದ ದೊಡ್ಡ ಕೇಂದ್ರ. ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು 1953ರಲ್ಲಿ ಕಟ್ಟಿದವರಲ್ಲಿ ಪ್ರಮುಖರು ಇಲ್ಲಿಯ ಜಿ. ಥಾಮಸ್; ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಜಗತ್ತೇ ತಿರುಗಿ ನೋಡುವಂತೆ ಮಾಡಿದರು. ಹಕ್ಕಿಯ ಚಿತ್ರಕ್ಕೆ ಹಿನ್ನೆಲೆ ‘ಕ್ಲೀನ್’ ಇರಬೇಕು. ರೆಂಬೆ ಕೊಕ್ಕಿಗೆ ಅಡ್ಡ ಬಂದರೆ ಸ್ಪರ್ಧೆಯಲ್ಲಿ ಅಂಕ ಹೋಯಿತು. ಹಕ್ಕಿಗೆ ಅದು ಸರಿ. ಪೂರ್ಣಚಂದ್ರ ತೇಜಸ್ವಿಯವರು ತೆಗೆದ ಹಕ್ಕಿಗಳನ್ನು ಕಂಡು ಬೆಳೆದ ಕನ್ನಡಿಗರಿಗಂತೂ ಆ ಸೊಗಸನ್ನು ವಿವರಿಸಬೇಕಿಲ್ಲ. ಆದರೆ ಅದೇ ಕಣ್ಣಿನಿಂದ ಬೀದಿಯನ್ನು ನೋಡಿದರೆ ಅಲ್ಲಿಯ ಫಲಕ, ತಂತಿ, ಪೋಸ್ಟರು, ಒಣಗಲು ಹಾಕಿದ ಬಟ್ಟೆ ಎಲ್ಲವೂ ಕಸವಾಗಿ ಕಾಣುತ್ತವೆ.

ತಮಾಷೆಯೆಂದರೆ, ನೂರೈವತ್ತು ವರ್ಷದ ಚೌಕಾಸಿ ಮುಗಿದದ್ದು ಡಿಜಿಟಲ್ ಕಾಲದಲ್ಲಿ. ಈಗಿನ ಸಾಧಾರಣ ಕ್ಯಾಮೆರಾ ಕೂಡ ಐಎಸ್‌ಒ 3200ರ ವೇಗದಲ್ಲಿ ಮರ್ಯಾದಸ್ಥ ಚಿತ್ರ ಕೊಡುತ್ತದೆ. ನೆರಳಿನ ಓಣಿಯಲ್ಲಿ ಎಫ್/8 ಇಟ್ಟೂ ಸೆಕೆಂಡಿನ ಐನೂರನೇ ಭಾಗದಲ್ಲಿ ಶಟರ್ ಹೊಡೆಯಬಹುದು. ಆಳವೂ ಸಿಕ್ಕಿತು, ನಡೆಯುವ ಜನವೂ ಸಿಕ್ಕಿದರು. ಟ್ರೈಪ್ ಕಂಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ. ಸರಿಯಾಗಿ ಆಗಲೇ ನಾವು ಆಳವನ್ನು ಬೇಡವೆಂದೆವು. ಮೊಬೈಲಿನ ಲೆನ್ಸು ತೀರಾ ಸಣ್ಣದಾದ್ದರಿಂದ ಅದು ಸಹಜವಾಗಿ ಒಂದೆರಡು ಮೀಟರ್ ಆಚೆಗಿನದನ್ನೆಲ್ಲ ಸ್ಪಷ್ಟವಾಗಿಯೇ ಕಾಣುತ್ತದೆ. 2016ರಲ್ಲಿ ಐಫೋನ್ 7 ಪ್ಲಸ್ ‘ಪೋರ್ಟ್ರೇಟ್ ಮೋಡ್’ ತಂದ ಮೇಲೆ ಆ ಸ್ಪಷ್ಟತೆಯನ್ನು ಲೆಕ್ಕ ಹಾಕಿ ಕೆಡಿಸುವ ಕೆಲಸವನ್ನು ಫೋನುಗಳು ವಹಿಸಿಕೊಂಡವು. ಜಡೆಯ ಅಂಚಿನಲ್ಲಿ ತೂಗುವ ಮಲ್ಲಿಗೆ ಮಾಲೆಯ ಕೊನೆಯ ನಾಲ್ಕು ಮೊಗ್ಗುಗಳನ್ನು ಅದು ಎಷ್ಟೋ ಸಲ ಹಿನ್ನೆಲೆಗೆ ಸೇರಿಸಿ ಕರಗಿಸಿಬಿಡುತ್ತದೆ.

ಹಾಗಾದರೆ ಲಗ್ಗೆರೆಯ ಇಪ್ಪತ್ತಡಿ ರಸ್ತೆಯಲ್ಲಿ ಕಲಿಯುವುದು ಹೇಗೆ? ಲೆಕ್ಕ ಕಷ್ಟದ್ದಲ್ಲ. ಕ್ಯಾಮೆರಾದ ಜೊತೆ ಬರುವ 18–55 ಲೆನ್ಸನ್ನು 24 ಎಂ.ಎಂ.ಗೆ ತಿರುಗಿಸಿ, ಎಫ್/8 ಇಟ್ಟು, ಸುಮಾರು 3.6 ಮೀಟರ್ ದೂರದ ಲೈಟ್ ಕಂಬಕ್ಕೋ ಗೇಟಿಗೋ ಫೋಕಸ್ ಮಾಡಿ, ಆಟೊಫೋಕಸ್ ಆಫ್ ಮಾಡಿಬಿಟ್ಟರೆ 1.8 ಮೀಟರಿನಿಂದ ಹಿಡಿದು ರಸ್ತೆಯ ಕೊನೆಯವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಫೋಕಸ್ ಮುಟ್ಟುವಂತಿಲ್ಲ. ದೂರವನ್ನು ಕಾಲೇ ಅಳೆಯಬೇಕು. ಹೋಲಿಕೆಗೆ, ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ 50 ಎಂ.ಎಂ. ಲೆನ್ಸು ಎಫ್/1.8ರಲ್ಲಿ ಎರಡು ಮೀಟರ್ ದೂರದ ಮುಖದ ಮೇಲೆ ನಿಂತಾಗ ಫೋಕಸ್ಸಿನಲ್ಲಿರುವುದು ಬರೀ 17 ಸೆಂಟಿಮೀಟರ್. ಮೂಗಿನ ತುದಿಯಿಂದ ಕಿವಿಯವರೆಗೆ, ಅಷ್ಟಕ್ಕೇ ಬೀದಿ ಮುಗಿಯಿತು. ಮುಖವೇ ವಿಷಯವಾದಾಗ ಅದೂ ಬೇಕು. ದಿನವಿಡೀ ಅದೇ ಬೇಡ.

ಎಲ್ಲವೂ ಸ್ಪಷ್ಟವಾದ ಮೇಲೆ ನಿಜವಾದ ಕಷ್ಟ ಶುರು. ಮಬ್ಬು ಮುಚ್ಚಿಡುತ್ತಿದ್ದ ಗೊಂದಲವನ್ನೆಲ್ಲ ಈಗ ನಿಂತ ಜಾಗದಿಂದಲೇ ಸರಿಪಡಿಸಬೇಕು: ಯಾರ ತಲೆಯಿಂದಲೂ ಕಂಬ ಮೊಳೆಯಬಾರದು, ಇಬ್ಬರ ನಡುವೆ ಒಂದಿಷ್ಟು ಗಾಳಿ ಇರಬೇಕು, ಶಟರಿನ ಹೆಸರಹಲಗೆ ಪೂರ್ತಿ ಓದುವಂತಿರಬೇಕು. ಇಷ್ಟು ಕಷ್ಟಪಡುವುದು ಯಾಕೆಂಬುದಕ್ಕೆ ಒಂದು ಉದಾಹರಣೆ: ಲಗ್ಗೆರೆಗೆ ಹತ್ತಿರದಲ್ಲೇ, ನಂದಿನಿ ಬಡಾವಣೆಯ ಹೊರವರ್ತುಲ ರಸ್ತೆಯಲ್ಲಿ, 1966ರಲ್ಲಿ ಸ್ಥಾಪನೆಯಾದ ಕಂಠೀರವ ಸ್ಟುಡಿಯೊ ಇದೆ. ಡಾ. ರಾಜ್‌ಕುಮಾರ್, ಪಾರ್ವತಮ್ಮ, ಪುನೀತ್ ಅವರ ಸಮಾಧಿಗಳು ಅಲ್ಲಿವೆ. ಜನ ‘ಅಪ್ಪು’ ಎಂದೇ ಕರೆಯುತ್ತಿದ್ದ ನಟ ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಸುತ್ತಲ ಬೀದಿಗಳ ಆಟೊ ಬೆನ್ನಿನಲ್ಲಿ, ಅಂಗಡಿ ಶಟರಿನಲ್ಲಿ, ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಅಪ್ಪು ಮುಖ ಬಂತು. ತರಕಾರಿ ಗಾಡಿಯವನ ಚಿತ್ರದಲ್ಲಿ ಹಿಂದಿನ ಆಟೊ ಸ್ಪಷ್ಟವಾಗಿದ್ದರೆ ಮುಂದೊಂದು ದಿನ ನೋಡಿದವರು ಅದು ಯಾವ ಕಾಲದ್ದೆಂದು ಹೇಳಬಲ್ಲರು. ಮಬ್ಬಾಗಿದ್ದರೆ ಅದು ಎಂದಾದರೂ ತೆಗೆದ, ಎಲ್ಲಾದರೂ ತೆಗೆದ ಚಿತ್ರ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಗ್ರಹಣ ಮ್ಯೂಸಿಯಂನ ಸಂಗ್ರಹದಲ್ಲಿ ಸತ್ಯನ್‌ರ ಚಿತ್ರಗಳೂ ಇವೆ. ವಿದ್ಯಾರ್ಥಿಗಳು ಅವುಗಳ ಮುಂದೆ ನಿಂತಾಗ ಮುಖಗಳನ್ನು ಬಿಟ್ಟು ಬರೀ ಹಿಂದಿನ ಅರ್ಧವನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ಒಂದು ಸೆಮಿಸ್ಟರಿನ ಪಾಠ ಅಲ್ಲೇ ಸಿಗುತ್ತದೆ.

ಸ್ವಂತ ಬೀದಿಯಲ್ಲಿ ಕ್ಯಾಮೆರಾ ಎತ್ತುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. ಮಾರ್ಕೆಟ್ಟಿನವರಿಗೆ ಕ್ಯಾಮೆರಾ ಅಭ್ಯಾಸವಾಗಿದೆ, ಲಗ್ಗೆರೆಯವರಿಗೆ ಆಗಿಲ್ಲ. ಖಾತೆ, ರಸ್ತೆ ಅಗಲೀಕರಣ, ತೆರಿಗೆ ಇವುಗಳ ಭಯದಲ್ಲಿ ಮನೆ ಕಟ್ಟಿಕೊಂಡವರ ಎದುರು ಯಾರಾದರೂ ಗೋಡೆಯ ಫೋಟೊ ತೆಗೆದರೆ ಮೊದಲು ಬರುವ ಪ್ರಶ್ನೆ, “ಯಾಕಮ್ಮಾ, ಕಾರ್ಪೊರೇಷನ್ನೋರಾ?” ಇಲ್ಲ ಆಂಟಿ, ಕಾಲೇಜ್ ಪ್ರಾಜೆಕ್ಟು, ಇದೇ ಮೂರನೇ ಕ್ರಾಸು ಎಂದು ಸ್ಕ್ರೀನ್ ತೋರಿಸಿದರೆ ಮಾತು ಸಡಿಲವಾಗುತ್ತದೆ. ಆಂಟಿ ತಮ್ಮ ಮುಖವನ್ನು ಒಂದು ಕ್ಷಣ ನೋಡಿ, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಹಿಂದಕ್ಕೆ ಹೋಗುತ್ತಾರೆ: “ಏ, ಇದು ನಮ್ಮ ಓನರ್ ಗಾಡಿ ಅಲ್ವಾ? ನೀರಿನ ಟ್ಯಾಂಕರ್ ಬಂದಿದ್ದು ಇವತ್ತೇನಾ? ಮಗಾ, ಇದನ್ನ ನನ್ನ ವಾಟ್ಸಾಪಿಗೆ ಹಾಕು.”